ಹೊಸ ಸಿಸ್ಟಂನಲ್ಲಿ ಹಳೇ ಲೆಕ್ಕ ಯಾಕೆ ಕಾಣಲ್ಲ? ಸಾಫ್ಟ್‌ವೇರ್ ತನ್ನ ಡೇಟಾ ಎಲ್ಲಿಡಬೇಕು ಅನ್ನೋ ಪ್ರಶ್ನೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿದಾಗಿಂದ ದಾವಣಗೆರೆ ಚೌಕಿಪೇಟೆ, ಮಂಡಿಪೇಟೆ ಅಂಗಡಿಗಳಲ್ಲಿ, ಎಪಿಎಂಸಿ ದಲ್ಲಾಳಿ ಮಂಡಿಗಳಲ್ಲಿ, ಚಳ್ಳಕೆರೆ ಎಣ್ಣೆ ಮಿಲ್ಲುಗಳಲ್ಲಿ ಹಳೇ ಸಿಸ್ಟಂ ತೆಗೆದು ಹೊಸದು ಹಾಕಿಸ್ಬೇಕಾ ಬೇಡ್ವಾ ಅನ್ನೋ ಮಾತು ನಡೀತಾನೇ ಇದೆ. ಹಾಕಿಸಿದವರಲ್ಲಿ ಕೆಲವರಿಗೆ ಬೇರೆ ತಲೆನೋವು ಶುರುವಾಗುತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಹೊಸ ಸಿಸ್ಟಂನಲ್ಲಿ ಚೆನ್ನಾಗೇ ಓಪನ್ ಆಗುತ್ತೆ, ಆದ್ರೆ ಒಳಗೆ ನೋಡಿದ್ರೆ ಪಾರ್ಟಿ ಹೆಸರಿಲ್ಲ, ಉದ್ರಿ ಬಾಕಿ ಇಲ್ಲ, ಹೋದ ವರ್ಷದ ಒಂದು ಬಿಲ್ಲೂ ಇಲ್ಲ. ಫೋಲ್ಡರ್ ಪೂರ್ತಿ ಕಾಪಿ ಮಾಡಿದೀವಿ ಸಾರ್ ಅಂತಾರೆ ಸರ್ವಿಸ್‌ನವರು, ಅವರು ಹೇಳ್ತಿರೋದೂ ನಿಜಾನೇ. ಮೈಕ್ರೋಸಾಫ್ಟ್‌ನವರೇ ಅಳಿಸಿರ್ಬೇಕು ಅಂತ ಒಬ್ಬರು, ವೈರಸ್ ಬಂದಿರ್ಬೇಕು ಅಂತ ಇನ್ನೊಬ್ಬರು, ವಿಂಡೋಸ್ 11ಕ್ಕೂ ಈ ಸಾಫ್ಟ್‌ವೇರ್‌ಗೂ ಆಗಿಬರಲ್ಲ ಅಂತ ಮತ್ತೊಬ್ಬರು.

ಸಪೋರ್ಟ್ ಮುಗೀತು ಅಂದ್ರೆ ಸೆಕ್ಯುರಿಟಿ ಅಪ್‌ಡೇಟ್ ಬರೋದು ನಿಂತ್ತು ಅಂತ, ಅದರಿಂದ ಒಂದು ಫೈಲೂ ಅಳಿಯಲ್ಲ. ಹೀಗೆ ಕಳೆದುಹೋದ ಲೆಕ್ಕ ಬಹಳ ಸಲ ಹಳೇ ಡಿಸ್ಕಿನಲ್ಲೇ ಕೂತಿರುತ್ತೆ, ನಾವು ಹುಡುಕೋ ಜಾಗದಲ್ಲಿ ಮಾತ್ರ ಇರಲ್ಲ. ಅದು ಬೇರೆ ಜಾಗಕ್ಕೆ ಹೋಗಿದ್ದು ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಸಾಫ್ಟ್‌ವೇರ್ ಬರೆಯೋರ ನಡುವೆ ಮೂವತ್ತು ವರ್ಷದಿಂದ ನಡೀತಿರೋ ಒಂದು ಚರ್ಚೆ ಅರ್ಥ ಮಾಡ್ಕೋಬೇಕು. ಒಂದು ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ, ದಿನಾ ಬದಲಾಗೋ ಡೇಟಾ ಫೈಲ್‌ಗಳಿಗೆ ಅದು ಎಲ್ಲಿ ಜಾಗ ಮಾಡ್ಬೇಕು ಅನ್ನೋದೇ ಆ ಚರ್ಚೆ.

ಎರಡು ಜಾತಿ ಫೈಲು

ಯಾವ ಸಾಫ್ಟ್‌ವೇರ್ ತಗೊಂಡ್ರೂ ಅದರಲ್ಲಿ ಎರಡು ಥರದ ಫೈಲ್ ಇರ್ತವೆ. ಕಂಪನಿಯವರು ಕೊಟ್ಟಿದ್ದು ಒಂದು ಥರ, ಅಂದ್ರೆ ಪ್ರೋಗ್ರಾಂ, ಐಕಾನು, ಬಿಲ್ ಡಿಸೈನು, ಹೆಲ್ಪ್ ಪುಟ. ಇವು ಹೊಸ ವರ್ಷನ್ ಬಂದಾಗ ಬಿಟ್ರೆ ಬದಲಾಗಲ್ಲ, ಕಳೆದುಹೋದ್ರೂ ಮತ್ತೆ ಡೌನ್‌ಲೋಡ್ ಮಾಡಿದ್ರೆ ಅದೇ ಸಿಗುತ್ತೆ. ಇನ್ನೊಂದು ಥರ ನಾವು ಹುಟ್ಟಿಸಿದ್ದು, ಬಿಲ್ಲು, ಸ್ಟಾಕು, ಲೆಡ್ಜರು, ಪೇಷಂಟ್ ರಿಪೋರ್ಟು. ಇವು ಗಂಟೆಗಂಟೆಗೂ ಬದಲಾಗ್ತವೆ, ಕಳೆದ್ರೆ ಜಗತ್ತಲ್ಲಿ ಇನ್ನೊಂದು ಕಾಪಿ ಇರಲ್ಲ. ಅಂಗಡೀಲಿ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಮಷಿನ್ ಬಂದಾಗ ಯಾರೂ ಕೀರ್ದಿ ಪುಸ್ತಕನ ತಕ್ಕಡಿ ಜೊತೆ ಗುಜರಿಗೆ ಹಾಕ್ಲಿಲ್ಲ, ಯಾಕಂದ್ರೆ ಎರಡನ್ನೂ ಇಟ್ಟಿದ್ದು ಬೇರೆ ಬೇರೆ ಜಾಗದಲ್ಲಿ. ಕಂಪ್ಯೂಟರ್‌ನಲ್ಲಿ ಎರಡನ್ನೂ ಒಂದೇ ಫೋಲ್ಡರ್‌ಗೆ ತುಂಬಿದ್ರೆ ಪ್ರೋಗ್ರಾಂಗೆ ಏನಾಗುತ್ತೋ ಡೇಟಾಗೂ ಅದೇ ಆಗುತ್ತೆ. ಅಪ್‌ಡೇಟ್ ಬಂದಾಗ ಹಳೇ ಫೋಲ್ಡರ್ ಅಳಿಸಿ ಹೊಸದು ಹಾಕ್ತಾರೆ, ಜೊತೆಗೆ ಲೆಕ್ಕಾನೂ ಹೋಗುತ್ತೆ. ಬ್ಯಾಕಪ್ ತಗೊಳ್ಳುವಾಗ ಬೇಡದ ನೂರಾರು ಫೈಲ್ ನಡುವೆ ಬೇಕಾದ ನಾಲ್ಕು ಯಾವುದು ಅಂತಾನೇ ಗೊತ್ತಾಗಲ್ಲ.

ಸೆಕ್ಯುರಿಟಿ ವಿಚಾರ ಇನ್ನೂ ದೊಡ್ಡದು. ಡೇಟಾ ಬರೆಯೋಕೆ ಅಂತ ಪ್ರೋಗ್ರಾಂ ಫೋಲ್ಡರ್‌ಗೆ ಎಲ್ಲಾ ಯೂಸರ್‌ಗೂ ಪರ್ಮಿಷನ್ ಕೊಟ್ಟುಬಿಟ್ರೆ ಆ ಪರ್ಮಿಷನ್ ಬರೀ ಲೆಕ್ಕದ ಫೈಲಿಗೆ ನಿಲ್ಲಲ್ಲ, ಪ್ರೋಗ್ರಾಂ ಫೈಲಿಗೂ ಸಿಗುತ್ತೆ, ಆಗ ಕೌಂಟರ್ ಹುಡುಗನ ಲಾಗಿನ್‌ನಲ್ಲಿ ಬಂದ ವೈರಸ್ಸು ಪ್ರೋಗ್ರಾಂನೇ ಬದಲಾಯಿಸಿ ಕೂರಬಹುದು, ಆಮೇಲೆ ಮಾಲೀಕರು ತಮ್ಮ ಲಾಗಿನ್‌ನಲ್ಲಿ ಅದನ್ನ ಓಪನ್ ಮಾಡಿದಾಗ ಅವರ ಪವರ್ ಎಲ್ಲಾ ಅದರ ಕೈಗೆ ಹೋಗುತ್ತೆ.

ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯೋ ಹಳೇ ರೂಢಿ

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅಂಗಡಿ, ಮನೆ ಎಲ್ಲಾ ಕಡೆ ಜನ ಅಡ್ಮಿನ್ ಲಾಗಿನ್‌ನಲ್ಲೇ (ಸಿಸ್ಟಂನಲ್ಲಿ ಏನು ಬೇಕಾದ್ರೂ ಬದಲಾಯಿಸೋ ಪವರ್ ಇರೋ ಲಾಗಿನ್) ಕೆಲಸ ಮಾಡ್ತಿದ್ರು, ಹಾಗಾಗಿ ಸಾಫ್ಟ್‌ವೇರ್ ಬರೆಯೋರು ಯೋಚನೇನೇ ಮಾಡ್ದೆ ಪ್ರೋಗ್ರಾಂ ಫೈಲ್ಸ್ (ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್‌ಗಳು ಹೋಗಿ ಕೂರೋ ಫೋಲ್ಡರ್) ಒಳಗೆ ತಮ್ಮ ಫೋಲ್ಡರ್‌ನಲ್ಲೇ ಡೇಟಾ ಬರೆದುಕೊಂಡು ಹೋದ್ರು, ಅದು ನಡೀತಿತ್ತು ಕೂಡ. 2007ರಲ್ಲಿ ವಿಂಡೋಸ್ ವಿಸ್ಟಾ ಜನರ ಕೈಗೆ ಬಂದಾಗ ಕತೆ ಬದಲಾಯ್ತು. ಅಡ್ಮಿನ್ ಅಂತ ಲಾಗಿನ್ ಆಗಿದ್ರೂ ಪ್ರೋಗ್ರಾಂಗಳು ಸಾಮಾನ್ಯ ಯೂಸರ್ ಪವರ್‌ನಲ್ಲೇ ಓಡ್ಬೇಕು, ಹೆಚ್ಚಿನ ಪವರ್ ಬೇಕಂದ್ರೆ ಪರದೆ ಮೇಲೆ ಒಪ್ಪಿಗೆ ಕೇಳ್ಬೇಕು ಅನ್ನೋ ಪದ್ಧತಿ ತಂದ್ರು. ಇದರಿಂದ ಹಳೇ ಸಾಫ್ಟ್‌ವೇರ್‌ಗಳು ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯೋಕೆ ಹೋದ್ರೆ ಎರರ್ ಬರ್ಬೇಕಿತ್ತು. ಎಲ್ಲಾ ಒಂದೇ ದಿನ ನಿಂತುಬಿಟ್ರೆ ಜನ ಸುಮ್ನಿರ್ತಾರಾ, ಅದಕ್ಕೆ ಮೈಕ್ರೋಸಾಫ್ಟ್ ಒಂದು ಅಡ್ಜಸ್ಟ್‌ಮೆಂಟ್ ಮಾಡ್ತು, ಹೆಸರು ವರ್ಚುಯಲ್‌ಸ್ಟೋರ್.

ಇದು ಕೆಲಸ ಮಾಡೋ ರೀತಿ ಸ್ವಲ್ಪ ನಿಧಾನಕ್ಕೆ ನೋಡ್ಬೇಕು, ಮೇಲೆ ಹೇಳಿದ ಗೊಂದಲದ ದೊಡ್ಡ ಪಾಲು ಇಲ್ಲೇ ಇದೆ. ಹಳೇ 32-ಬಿಟ್ (ಈಗಿನ 64-ಬಿಟ್‌ಗಿಂತ ಹಿಂದಿನ ತಲೆಮಾರಿನ) ಸಾಫ್ಟ್‌ವೇರ್ ಒಂದು ಪ್ರೋಗ್ರಾಂ ಫೈಲ್ಸ್ ಒಳಗಿನ ತನ್ನ ಡೇಟಾ ಫೈಲಿಗೆ ಬಿಲ್ ಬರೆಯೋಕೆ ಹೋಗುತ್ತೆ. ವಿಂಡೋಸ್ ಅದನ್ನ ತಡೆಯಲ್ಲ, ಹೇಳೋದೂ ಇಲ್ಲ, ಸದ್ದಿಲ್ಲದೆ ಆ ಫೈಲಿನ ಇನ್ನೊಂದು ಕಾಪೀನ ಆ ಯೂಸರ್‌ನ ಆಪ್‌ಡೇಟಾ ಫೋಲ್ಡರ್, ಅದರೊಳಗೆ ಲೋಕಲ್, ಅದರೊಳಗೆ ವರ್ಚುಯಲ್‌ಸ್ಟೋರ್ ಅನ್ನೋ ಜಾಗದಲ್ಲಿ ಮಾಡಿ, ಬಿಲ್ಲನ್ನ ಅಲ್ಲಿ ಬರೆಯುತ್ತೆ. ಮುಂದಿನ ಸಲ ಸಾಫ್ಟ್‌ವೇರ್ ಓದೋಕೆ ಹೋದಾಗ್ಲೂ ಆ ಕಾಪೀನೇ ತೋರಿಸುತ್ತೆ, ಹಾಗಾಗಿ ಸಾಫ್ಟ್‌ವೇರ್‌ಗೂ ಅನುಮಾನ ಬರಲ್ಲ, ನಮಗೂ ಬರಲ್ಲ. ಆಪ್‌ಡೇಟಾ ಫೋಲ್ಡರ್ ಹಿಡನ್ ಬೇರೆ, ಸುಮ್ನೆ ನೋಡಿದ್ರೆ ಕಾಣಲ್ಲ. ಹೀಗೆ ವರ್ಷಗಟ್ಲೆ ಲೆಕ್ಕ ಅಲ್ಲಿ ಸೇರ್ತಾ ಹೋಗಿರುತ್ತೆ, ಪ್ರೋಗ್ರಾಂ ಫೈಲ್ಸ್ ಒಳಗಿರೋ ಒರಿಜಿನಲ್ ಡೇಟಾ ಫೈಲು ಇನ್‌ಸ್ಟಾಲ್ ಆದ ದಿನ ಹೇಗಿತ್ತೋ ಹಾಗೇ ಖಾಲಿ ಇರುತ್ತೆ. ಸರ್ವಿಸ್‌ನವರು ಬಂದು ಪ್ರೋಗ್ರಾಂ ಫೈಲ್ಸ್‌ನಿಂದ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೊಸ ಸಿಸ್ಟಂಗೆ ಕಾಪಿ ಮಾಡಿದ್ರೆ, ಕಾಪಿ ಆಗೋದು ಆ ಖಾಲಿ ಫೈಲು.

ಇದೇ ಕಾರಣಕ್ಕೆ ಇನ್ನೊಂದು ವಿಚಿತ್ರ ನಡೆಯುತ್ತೆ. ಯಾವುದೋ ಎರರ್ ಬಂತು ಅಂತ ಯಾರೋ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಒತ್ತುತ್ತಾರೆ. ಆ ಪವರ್‌ನಲ್ಲಿ ಓಡುವಾಗ ವರ್ಚುಯಲ್‌ಸ್ಟೋರ್ ಆಟ ಇರಲ್ಲ, ಸಾಫ್ಟ್‌ವೇರ್ ನೇರವಾಗಿ ಪ್ರೋಗ್ರಾಂ ಫೈಲ್ಸ್‌ನ ಖಾಲಿ ಫೈಲನ್ನೇ ತೆಗೆಯುತ್ತೆ. ಎಲ್ಲಾ ಬಿಲ್ ಮಾಯ! ಗಾಬರಿಯಾಗಿ ಅದರಲ್ಲೇ ಹೊಸದಾಗಿ ಎಂಟ್ರಿ ಶುರು ಮಾಡಿದ್ರೆ ಒಂದೇ ಅಂಗಡಿಗೆ ಎರಡು ಲೆಕ್ಕ, ಮಾಮೂಲಿಯಾಗಿ ತೆಗೆದ್ರೆ ಒಂದು, ಅಡ್ಮಿನ್ ಆಗಿ ತೆಗೆದ್ರೆ ಇನ್ನೊಂದು. ಅಪ್ಪ ಮಗ ಬೇರೆ ಬೇರೆ ಲಾಗಿನ್ ಇಟ್ಕೊಂಡಿದ್ರೆ ಮೂರು ಲೆಕ್ಕ, ಯಾಕಂದ್ರೆ ವರ್ಚುಯಲ್‌ಸ್ಟೋರ್ ಒಬ್ಬೊಬ್ಬ ಯೂಸರ್‌ಗೆ ಒಂದೊಂದು. ಆಡಿಟರ್ ಆಫೀಸಿಗೆ ಹೋದಾಗ ಟ್ಯಾಲಿ ಆಗಲ್ಲ ಅಂದ್ರೆ ತಪ್ಪು ಇರೋದು ಎಂಟ್ರಿ ಹೊಡೆದ ಹುಡುಗಂದೂ ಅಲ್ಲ, ಆಡಿಟರ್‌ದೂ ಅಲ್ಲ.

ವಿಂಡೋಸ್ 11 ಬಂದಿರೋದು 64-ಬಿಟ್‌ನಲ್ಲಿ ಮಾತ್ರ, ಇದರಿಂದ ಇನ್ನೊಂದು ತೊಡಕು. 32-ಬಿಟ್ ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್‌ನಲ್ಲಿದ್ದ ಸಾಫ್ಟ್‌ವೇರು 64-ಬಿಟ್‌ಗೆ ಬಂದ್ರೆ ಎಕ್ಸ್86 ಅಂತ ಬಾಲ ಇರೋ ಇನ್ನೊಂದು ಪ್ರೋಗ್ರಾಂ ಫೈಲ್ಸ್‌ಗೆ ಹೋಗಿ ಕೂರುತ್ತೆ. ಹಳೇ ಜಾಗದ ವಿಳಾಸನ ಕೋಡ್ ಒಳಗೆ ಬರೆದಿಟ್ಟಿದ್ರೆ ಅದಕ್ಕೆ ಡೇಟಾ ಸಿಗಲ್ಲ. ಡಾಸ್ ಕಾಲದ ಫಾಕ್ಸ್‌ಪ್ರೋ ಬಿಲ್ಲಿಂಗ್ ಇಟ್ಕೊಂಡಿರೋರಿಗಂತೂ ಪ್ರೋಗ್ರಾಂ ಓಡೋದೇ ಇಲ್ಲ, ಆದ್ರೆ ಲೆಕ್ಕ ಇರೋ ಅದರ ಡಿಬಿಎಫ್ ಫೈಲುಗಳನ್ನ ಇವತ್ತಿಗೂ ಬೇರೆ ಸಾಫ್ಟ್‌ವೇರ್‌ನಲ್ಲಿ ಓದಬಹುದು, ಅವನ್ನ ಮಾತ್ರ ಬಿಸಾಕಬೇಡಿ.

ಲಿನಕ್ಸ್ ಕಡೆಯವರು ಮಾಡಿದ್ದು

ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನಲ್ಲಿ ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಬಂದಿದ್ದು 1994ರ ಫೆಬ್ರವರಿಯಲ್ಲಿ. ಯಾವ ಫೈಲ್ ಯಾವ ಫೋಲ್ಡರ್‌ನಲ್ಲಿ ಇರ್ಬೇಕು ಅಂತ ಅವರು ಮಾಡ್ಕೊಂಡ ಒಪ್ಪಂದ ಆಮೇಲೆ ಎಫ್‌ಎಚ್‌ಎಸ್ (ಫೈಲ್‌ಸಿಸ್ಟಂ ಹೈರಾರ್ಕಿ ಸ್ಟ್ಯಾಂಡರ್ಡ್) ಅಂತ ಹೆಸರಾಯ್ತು, ಅದರ 3.0 ಆವೃತ್ತಿ 2015ರದ್ದು. ಅದರ ಲೆಕ್ಕಾಚಾರ ಬಹಳ ಸರಳ, ಪ್ರತಿ ಫೈಲಿಗೆ ಎರಡು ಪ್ರಶ್ನೆ: ಇದು ತಾನಾಗೇ ಬದಲಾಗುತ್ತಾ ಇಲ್ವಾ, ಇದನ್ನ ಹಲವು ಕಂಪ್ಯೂಟರ್ ಹಂಚ್ಕೊಂಡು ಬಳಸಬಹುದಾ ಇಲ್ವಾ. ಬದಲಾಗದೆ ಇರೋ ಪ್ರೋಗ್ರಾಂಗಳು ಯುಎಸ್‌ಆರ್ (usr) ಫೋಲ್ಡರ್‌ಗೆ, ಅದನ್ನ ಪೂರ್ತಿ ಓದೋಕಷ್ಟೇ ಅಂತ ಬೀಗ ಹಾಕಿದ್ರೂ ಸಿಸ್ಟಂ ನಡೀಬೇಕು. ಬದಲಾಗೋದೆಲ್ಲ ವಾರ್ (var) ಅನ್ನೋ ಫೋಲ್ಡರ್‌ಗೆ, ಅದರಲ್ಲೂ ಪ್ರೋಗ್ರಾಂ ನೆನಪಿಟ್ಕೋಬೇಕಾದ ಡೇಟಾ ವಾರ್ ಒಳಗಿನ ಲಿಬ್‌ಗೆ, ಏನೇನು ನಡೀತು ಅಂತ ಬರೆದಿಡೋ ಲಾಗ್ ಬೇರೆ, ಕಳೆದ್ರೂ ನಡೆಯೋ ತಾತ್ಕಾಲಿಕ ಕಾಪಿ ಅಂದ್ರೆ ಕ್ಯಾಶ್ (cache) ಬೇರೆ. ಸೆಟ್ಟಿಂಗ್ ಎಲ್ಲಾ ಇಟಿಸಿ (etc) ಫೋಲ್ಡರ್‌ಗೆ. ಲಿನಕ್ಸ್ ಸರ್ವರ್‌ಗೆ ಪ್ಯಾಕೇಜ್ ಮೂಲಕ ಮೈಸೀಕ್ವೆಲ್ (MySQL) ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿದ್ರೆ ಡೇಟಾ ಹೋಗೋದು ವಾರ್, ಲಿಬ್, ಮೈಸೀಕ್ವೆಲ್ ಅನ್ನೋ ದಾರಿಗೆ, ದಾವಣಗೆರೆಯಲ್ಲಿ ಹಾಕಿದ್ರೂ ಅಷ್ಟೇ ಜರ್ಮನಿಯಲ್ಲಿ ಹಾಕಿದ್ರೂ ಅಷ್ಟೇ.

ಇದರಿಂದ ಆಗೋ ಲಾಭ ಅಪ್‌ಡೇಟ್ ಟೈಮಲ್ಲಿ ಕಾಣುತ್ತೆ. ಸಾಫ್ಟ್‌ವೇರ್ ಹಾಕೋದು ತೆಗೆಯೋದು ನೋಡ್ಕೊಳ್ಳೋ ಪ್ಯಾಕೇಜ್ ಮ್ಯಾನೇಜರ್ ಹತ್ರ ತಾನು ಹಾಕಿದ ಪ್ರತಿ ಫೈಲಿನ ಪಟ್ಟಿ ಇರುತ್ತೆ, ಹೊಸ ವರ್ಷನ್ ಬಂದಾಗ ಆ ಪಟ್ಟಿಯಲ್ಲಿರೋದನ್ನ ಬದಲಾಯಿಸುತ್ತೆ, ಪಟ್ಟಿಯಲ್ಲಿ ಇಲ್ಲದ ನಮ್ಮ ಡೇಟಾ ತಂಟೆಗೆ ಬರಲ್ಲ. ಸೆಟ್ಟಿಂಗ್ ಫೈಲನ್ನ ನಾವು ತಿದ್ದಿದ್ರೆ ಡೆಬಿಯನ್ ಅಂಥ ಲಿನಕ್ಸ್ ಸಿಸ್ಟಂ ನಿಂತು ಕೇಳುತ್ತೆ, ನಿಮ್ಮದು ಇಟ್ಕೋಬೇಕಾ ಹೊಸದು ಹಾಕ್ಬೇಕಾ ಅಂತ. ತೆಗೆಯುವಾಗ್ಲೂ ಎರಡು ಹಂತ: ರಿಮೂವ್ ಅಂದ್ರೆ ಪ್ರೋಗ್ರಾಂ ಹೋಗುತ್ತೆ ಸೆಟ್ಟಿಂಗ್ ಉಳಿಯುತ್ತೆ, ಪರ್ಜ್ ಅಂದ್ರೆ ಸೆಟ್ಟಿಂಗೂ ಹೋಗುತ್ತೆ.

ಹಾಗಾದ್ರೆ ವಿಂಡೋಸ್‌ನಲ್ಲಿ ಎಲ್ಲಿಡಬೇಕು

ವಿಂಡೋಸ್‌ನಲ್ಲೂ ನಿಯಮ ಇಲ್ಲ ಅಂತೇನಿಲ್ಲ. ಒಬ್ಬ ಯೂಸರ್‌ಗೆ ಸೇರಿದ್ದು ಆಪ್‌ಡೇಟಾದಲ್ಲಿ, ಎಲ್ಲರಿಗೂ ಸೇರಿದ್ದು ಪ್ರೋಗ್ರಾಂಡೇಟಾದಲ್ಲಿ, ಯೂಸರ್ ತಾನೇ ತೆಗೆದು ನೋಡೋ ಪತ್ರ ಫೋಟೋ ಡಾಕ್ಯುಮೆಂಟ್ಸ್‌ನಲ್ಲಿ. ಪಾಲಿಸೋ ರೀತಿ ಮಾತ್ರ ಒಂದೇ ಥರ ಇಲ್ಲ. ಮೈಸೀಕ್ವೆಲ್ ವಿಂಡೋಸ್‌ನಲ್ಲಿ ತನ್ನ ಡೇಟಾನ ಪ್ರೋಗ್ರಾಂಡೇಟಾದಲ್ಲಿ ಇಡುತ್ತೆ, ಮೈಕ್ರೋಸಾಫ್ಟ್‌ನ ಸ್ವಂತ ಡೇಟಾಬೇಸ್ ಸೀಕ್ವೆಲ್ ಸರ್ವರ್ (SQL Server) ಡೀಫಾಲ್ಟಾಗಿ ಪ್ರೋಗ್ರಾಂ ಫೈಲ್ಸ್ ಒಳಗೇ ಡೇಟಾ ಅನ್ನೋ ಫೋಲ್ಡರ್ ಮಾಡ್ಕೊಳ್ಳುತ್ತೆ. ಅದು ಹಿನ್ನೆಲೆಯಲ್ಲಿ ಓಡೋ ಸರ್ವಿಸ್, ಇನ್‌ಸ್ಟಾಲ್ ಆಗುವಾಗಲೇ ಆ ಫೋಲ್ಡರ್‌ಗೆ ಬೇಕಾದ ಪರ್ಮಿಷನ್ ಮಾಡ್ಕೊಂಡಿರುತ್ತೆ, ಹಾಗಾಗಿ ಕೆಲಸಕ್ಕೆ ತೊಂದ್ರೆ ಆಗಲ್ಲ. ತೊಂದ್ರೆ ಆಗೋದು ಹುಡುಕೋರಿಗೆ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ಕಡೆ, ಲೆಕ್ಕ ಇರೋ ಅದರ ಎಂಡಿಎಫ್ ಎಲ್‌ಡಿಎಫ್ ಫೈಲು ಸಂಬಂಧಾನೇ ಇಲ್ಲದ ಹೆಸರಿನ ಇನ್ನೊಂದು ಫೋಲ್ಡರ್ ಒಳಗೆ, ಸಾಲದ್ದಕ್ಕೆ ಸರ್ವಿಸ್ ಓಡ್ತಾ ಇರೋವಾಗ ಅವನ್ನ ಕಾಪಿ ಮಾಡೋಕೂ ಬಿಡಲ್ಲ.

ಇಲ್ಲಿ ಮೂರು ವಾದ ಕೇಳಿಬರುತ್ತೆ. ಎಲ್ಲಾ ಒಂದೇ ಫೋಲ್ಡರ್‌ನಲ್ಲಿ ಇರ್ಲಿ ಅನ್ನೋದು ಒಂದು. ಸಿ ಡ್ರೈವ್‌ನಲ್ಲಿ ಸಾಫ್ಟ್‌ವೇರ್ ಹೆಸರಿನ ಫೋಲ್ಡರ್, ಅದರೊಳಗೇ ಡೇಟಾ, ಪೆನ್‌ಡ್ರೈವ್‌ಗೆ ಎಳೆದು ಹಾಕಿದ್ರೆ ಬ್ಯಾಕಪ್ ಆಯ್ತು, ಫೋನಲ್ಲೇ ಅಂಗಡಿಯವರಿಗೆ ಹೇಳ್ಕೊಡಬಹುದು. ಈ ವಾದನ ತಳ್ಳಿಹಾಕೋದು ಸುಲಭ, ಆದ್ರೆ ಇದರ ಹಿಂದೆ ಇರೋ ಕಾಳಜಿ ನಿಜವಾದದ್ದು, ಡೇಟಾ ಕಣ್ಣಿಗೆ ಕಾಣ್ಬೇಕು ಅನ್ನೋದು. ಎರಡನೇದು ಸಿಸ್ಟಂ ಹೇಳಿದ ಜಾಗದಲ್ಲೇ ಇಡಿ ಅನ್ನೋ ವಾದ, ಸೆಕ್ಯುರಿಟಿ ಸರಿ ಇರುತ್ತೆ, ಅಪ್‌ಡೇಟ್ ಸುಸೂತ್ರ. ಆದ್ರೆ ಪ್ರೋಗ್ರಾಂಡೇಟಾ ಕೂಡ ಹಿಡನ್ ಫೋಲ್ಡರ್ರೇ. ಮೂರನೇದು ನಮ್ಮ ಕಡೆ ಸರ್ವಿಸ್‌ನವರು ಬಹಳ ವರ್ಷದಿಂದ ಮಾಡ್ಕೊಂಡು ಬಂದಿದ್ದು, ಸಿ ಡ್ರೈವ್ ಯಾವತ್ತಿದ್ರೂ ಫಾರ್ಮ್ಯಾಟ್ ಹೊಡೆಯೋದೇ, ಡೇಟಾ ಡಿ ಡ್ರೈವ್‌ನಲ್ಲಿ ಇರ್ಲಿ. ಇದು ಒಳ್ಳೇ ಬುದ್ಧಿ, ಪ್ರೋಗ್ರಾಂ ಬೇರೆ ಡೇಟಾ ಬೇರೆ ಅನ್ನೋ ತತ್ವನ ಯಾರೂ ಪಾಠ ಮಾಡ್ದೆ ಅನುಭವದಿಂದಾನೇ ಕಂಡ್ಕೊಂಡಿದ್ದು. ಕೊರತೆ ಏನಂದ್ರೆ ಸಿ ಮತ್ತು ಡಿ ಬಹಳ ಸಲ ಒಂದೇ ಡಿಸ್ಕಿನ ಎರಡು ಭಾಗ, ಡಿಸ್ಕ್ ಸತ್ರೆ ಎರಡೂ ಒಟ್ಟಿಗೆ ಹೋಗ್ತವೆ, ಹಾಗಾಗಿ ಡಿ ಡ್ರೈವ್‌ನಲ್ಲಿದೆ ಅನ್ನೋದನ್ನ ಬ್ಯಾಕಪ್ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ.

ಡಾಕ್ಯುಮೆಂಟ್ಸ್‌ನಲ್ಲಿ ಇಡೋರೂ ಇದಾರೆ, ಅದು ಈಗಿನ ಕಾಲಕ್ಕೆ ಸರಿಹೋಗಲ್ಲ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದ್ರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸ್ಟೋರೇಜ್ ಆದ ಒನ್‌ಡ್ರೈವ್‌ಗೆ ಸಿಂಕ್ ಆಗೋಕೆ ಶುರುವಾಗಬಹುದು, ಉಚಿತ ಜಾಗ 5 ಜಿಬಿ ಅಷ್ಟೇ. ಓಪನ್ ಇರೋ ಡೇಟಾಬೇಸ್ ಫೈಲನ್ನ ಸಿಂಕ್ ಪ್ರೋಗ್ರಾಂ ಕೂಡ ಹಿಡ್ಕೊಂಡ್ರೆ ಲಾಕ್ ಎರರ್ ಬರುತ್ತೆ, ಎರಡು ಸಿಸ್ಟಂನಲ್ಲಿ ಅದೇ ಅಕೌಂಟ್ ಇದ್ರೆ ಒಂದೇ ಫೈಲಿಗೆ ಎರಡು ಕಾಪಿ ಆಗುತ್ತೆ. ಇದಕ್ಕೆ ಉಲ್ಟಾ ಅಪಾಯಾನೂ ಇದೆ, ಒನ್‌ಡ್ರೈವ್ ಆನ್ ಇದೆ ಎಲ್ಲಾ ಬ್ಯಾಕಪ್ ಆಗ್ತಿದೆ ಅಂತ ನಿಶ್ಚಿಂತೆಯಿಂದ ಇರ್ತೀವಿ, ಪ್ರೋಗ್ರಾಂಡೇಟಾ ಆಗ್ಲಿ ಆಪ್‌ಡೇಟಾ ಆಗ್ಲಿ ಆ ಬ್ಯಾಕಪ್‌ಗೆ ಸೇರಿರಲ್ಲ.

ಇದನ್ನೆಲ್ಲ ತೂಗಿ ನೋಡಿದ್ರೆ ಅಂಗಡಿ ಲೆಕ್ಕದಂಥ, ನಾಲ್ಕು ಜನ ಸೇರಿ ಬಳಸೋ ಡೇಟಾಗೆ ಡೀಫಾಲ್ಟ್ ಜಾಗ ಪ್ರೋಗ್ರಾಂಡೇಟಾನೇ ಸರಿ ಅನ್ನಿಸುತ್ತೆ, ಆದ್ರೆ ಇನ್‌ಸ್ಟಾಲ್ ಮಾಡುವಾಗ ಬೇರೆ ಜಾಗ ಆರಿಸ್ಕೊಳ್ಳೋ ಅವಕಾಶ ಇರ್ಬೇಕು, ಡೇಟಾ ಯಾವ ಫೋಲ್ಡರ್‌ನಲ್ಲಿದೆ ಅಂತ ಮೊದಲ ಸ್ಕ್ರೀನ್‌ನಲ್ಲೇ ದೊಡ್ಡದಾಗಿ ಕಾಣ್ಬೇಕು, ಒಂದು ಬಟನ್ ಒತ್ತಿದ್ರೆ ಆ ಫೋಲ್ಡರ್ ಓಪನ್ ಆಗ್ಬೇಕು. ಇಷ್ಟು ಮಾಡಿದ್ರೆ ಮೊದಲನೇ ವಾದದವರ ಕಾಳಜಿಗೂ ಉತ್ತರ ಸಿಕ್ಕಂಗೆ.

ಇನ್‌ಸ್ಟಾಲರ್ ಮಾಡ್ಬೇಕಾದ ಕೆಲಸ

ಜಾಗ ಸರಿಯಾಗಿ ಆರಿಸಿದ್ರೂ ಇನ್‌ಸ್ಟಾಲ್ ಮಾಡೋ ಕ್ರಮ ತಪ್ಪಿದ್ರೆ ಕೆಡುತ್ತೆ. ಪ್ರೋಗ್ರಾಂಡೇಟಾದಲ್ಲಿ ಯಾವ ಯೂಸರ್ ಬೇಕಾದ್ರೂ ಹೊಸ ಫೈಲ್ ಮಾಡಬಹುದು, ಆದ್ರೆ ಮಾಮೂಲಿ ಪರ್ಮಿಷನ್ ಪ್ರಕಾರ ಒಬ್ಬ ಮಾಡಿದ ಫೈಲನ್ನ ಇನ್ನೊಬ್ಬ ಸಾಮಾನ್ಯ ಯೂಸರ್ ಓದಬಹುದೇ ಹೊರತು ತಿದ್ದೋಕಾಗಲ್ಲ. ಮಾಲೀಕರ ಲಾಗಿನ್‌ನಲ್ಲಿ ಡೇಟಾ ಫೈಲ್ ಹುಟ್ಟಿದ್ರೆ ಕೌಂಟರ್‌ನಲ್ಲಿ ಕೂತ ಹುಡುಗನ ಲಾಗಿನ್‌ನಲ್ಲಿ ಬಿಲ್ ಸೇವ್ ಆಗಲ್ಲ, ರೀಡ್ ಓನ್ಲಿ ಅಂತ ಬರುತ್ತೆ. ಆಗ ಸಿಟ್ಟು ಬಂದು ಎಲ್ಲರಿಗೂ ಅಡ್ಮಿನ್ ಪಾಸ್‌ವರ್ಡ್ ಹಂಚಿಬಿಡ್ತಾರೆ, ಇಷ್ಟೆಲ್ಲ ಭದ್ರ ಮಾಡಿದ್ದು ದಂಡ ಆಗುತ್ತೆ. ಇನ್‌ಸ್ಟಾಲರ್ ಓಡೋದೇ ಅಡ್ಮಿನ್ ಪವರ್‌ನಲ್ಲಿ, ಹಾಗಾಗಿ ತನ್ನ ಡೇಟಾ ಫೋಲ್ಡರ್ ಒಂದಕ್ಕೆ ಮಾತ್ರ ಎಲ್ಲಾ ಯೂಸರ್‌ಗೂ ತಿದ್ದೋ ಪರ್ಮಿಷನ್ ಕೊಟ್ಟು ಹೋಗೋದು ಅದೇ ಮಾಡ್ಬೇಕಾದ ಕೆಲಸ.

ಯೂಸರ್‌ಗೆ ಸೇರಿದ ಸೆಟ್ಟಿಂಗ್‌ನ ಇನ್‌ಸ್ಟಾಲ್ ಟೈಮಲ್ಲಿ ಬರೆಯಲೇಬಾರದು. ಇನ್‌ಸ್ಟಾಲ್ ಮಾಡೋ ಅಡ್ಮಿನ್ ಬೇರೆ, ದಿನಾ ಬಳಸೋರು ಬೇರೆ ಆಗಿದ್ರೆ ಅದು ಅಡ್ಮಿನ್‌ನ ಆಪ್‌ಡೇಟಾಗೆ ಹೋಗಿ ಬೀಳುತ್ತೆ, ಬಳಸೋರಿಗೆ ಸಿಗಲ್ಲ. ಸರಿಯಾದ ದಾರಿ ಅಂದ್ರೆ ಖಾಲಿ ನಮೂನೆ ಫೈಲನ್ನ ಪ್ರೋಗ್ರಾಂ ಜೊತೆ ಇಟ್ಟು, ಮೊದಲ ಸಲ ಓಪನ್ ಆದಾಗ ಡೇಟಾ ಜಾಗದಲ್ಲಿ ಫೈಲ್ ಇದೆಯಾ ಅಂತ ನೋಡಿ, ಇಲ್ಲದಿದ್ರೆ ಮಾತ್ರ ನಮೂನೆಯಿಂದ ಒಂದು ಕಾಪಿ ಮಾಡ್ಕೊಳ್ಳೋದು. ಇದ್ರೆ ಮುಟ್ಟೋ ಹಾಗಿಲ್ಲ. ಹೊಸ ವರ್ಷನ್‌ಗೆ ಡೇಟಾದ ರಚನೇನೇ ಬದಲಾಯಿಸ್ಬೇಕು ಅಂದ್ರೆ ಹಳೇದರ ಕಾಪಿ ತೆಗೆದಿಟ್ಟು ಆಮೇಲೆ ಬದಲಾಯಿಸ್ಬೇಕು, ಮಧ್ಯದಲ್ಲಿ ಕರೆಂಟ್ ಹೋದ್ರೆ ವಾಪಸ್ ಬರೋಕೆ ದಾರಿ ಇರ್ಬೇಕಲ್ಲ. ಬಿಐಇಟಿ, ಯುಬಿಡಿಟಿ ಥರ ನಮ್ಮೂರ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡೋ ಹುಡುಗ ಹುಡುಗೀರು, ಊರಲ್ಲೇ ಸಾಫ್ಟ್‌ವೇರ್ ಬರೆದು ಅಂಗಡಿಗಳಿಗೆ ಕೊಡೋ ಸಣ್ಣ ಡೆವಲಪರ್‌ಗಳು ಇದಕ್ಕೆ ಅರ್ಧ ದಿನ ಖರ್ಚು ಮಾಡಿದ್ರೆ ಅಂಗಡಿಯವರ ಎಷ್ಟೋ ವರ್ಷದ ಲೆಕ್ಕ ಉಳಿಯುತ್ತೆ.

ತೆಗೆದಾಗ ಅಳಿಸ್ಬೇಕಾ ಬೇಡ್ವಾ

ಅನ್‌ಇನ್‌ಸ್ಟಾಲ್ ಮಾಡಿದಾಗ ಡೇಟಾನೂ ಅಳಿಸಿ ಕ್ಲೀನ್ ಮಾಡ್ಬೇಕು ಅನ್ನೋರು ಇದಾರೆ, ಮುಟ್ಟಲೇಬಾರದು ಅನ್ನೋರೂ ಇದಾರೆ. ಕಾನೂನು ಎರಡೂ ಕಡೆ ಎಳೆಯುತ್ತೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರನ ಆ ವರ್ಷದ ವಾರ್ಷಿಕ ರಿಟರ್ನ್ ಕೊನೇ ದಿನಾಂಕದಿಂದ 72 ತಿಂಗಳು ಇಟ್ಕೋಬೇಕು. 2023-24ರ ಲೆಕ್ಕ ತಗೊಂಡ್ರೆ ಕೊನೇ ದಿನಾಂಕ 2024ರ ಡಿಸೆಂಬರ್ 31, ಅಲ್ಲಿಂದ 2030ರ ಡಿಸೆಂಬರ್ 31ರ ತನಕ. ಅಷ್ಟರಲ್ಲಿ ಸಿಸ್ಟಂ ಬದಲಾಗಿರುತ್ತೆ, ಸಾಫ್ಟ್‌ವೇರೂ ಬದಲಾಗಿರಬಹುದು, ಹಾಗಾಗಿ ತೆಗೆಯೋ ಬಟನ್ ಒತ್ತಿದ ತಕ್ಷಣ ಲೆಕ್ಕ ಅಳಿಸೋ ಸಾಫ್ಟ್‌ವೇರ್ ವ್ಯಾಪಾರಿನ ತೊಂದರೆಗೆ ಸಿಕ್ಕಿಸುತ್ತೆ. ಇನ್ನೊಂದು ಕಡೆ ಲ್ಯಾಬು, ಕ್ಲಿನಿಕ್ಕು. ಹಳೇ ಸಿಸ್ಟಂ ಸೆಕೆಂಡ್ ಹ್ಯಾಂಡ್ ಮಾರುವಾಗ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿ ಕೊಡ್ತಾರೆ, ಹಿಡನ್ ಫೋಲ್ಡರ್‌ನಲ್ಲಿ ಪೇಷಂಟ್‌ಗಳ ಹೆಸರು, ಫೋನ್ ನಂಬರ್, ರಿಪೋರ್ಟ್ ಹಾಗೇ ಉಳಿದಿರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಮಾಹಿತಿನ ಜೋಪಾನ ಮಾಡೋ ಹೊಣೆ ಅದನ್ನ ಸಂಗ್ರಹಿಸಿದವರ ಮೇಲೆ ಹಾಕುತ್ತೆ. ಹಾಗಾಗಿ ತಾನಾಗೇ ಅಳಿಸೋದೂ ತಪ್ಪು, ಹೇಳ್ದೆ ಬಿಟ್ಟು ಹೋಗೋದೂ ತಪ್ಪು. ತೆಗೆಯುವಾಗ ಡೇಟಾ ಇಂಥ ಜಾಗದಲ್ಲಿದೆ, ಇಟ್ಕೊಳ್ತೀರಾ ಅಳಿಸ್ತೀರಾ ಅಂತ ಕೇಳ್ಬೇಕು, ಉತ್ತರ ಕೊಡದಿದ್ರೆ ಇಟ್ಕೊಳ್ಳೋದೇ ಆಗ್ಬೇಕು.

ಕ್ಲೌಡ್ ಬಂದ್ರೆ ಮುಗೀತಾ

ಎಲ್ಲಾ ಆನ್‌ಲೈನ್ ಸಾಫ್ಟ್‌ವೇರ್ ಆದ್ರೆ ಈ ಗೋಳೇ ಇರಲ್ಲ ಅನ್ನೋ ಮಾತಿದೆ. ನಮ್ಮ ಸಿಸ್ಟಂನಲ್ಲಿ ಇರಲ್ಲ, ಸರ್ವರ್ ನೋಡ್ಕೊಳ್ಳೋರಿಗೆ ಇರುತ್ತೆ. ಅಲ್ಲಿ ಈಗ ಡಾಕರ್ ಕಂಟೇನರ್ (ಸಾಫ್ಟ್‌ವೇರ್‌ನ ಅದಕ್ಕೆ ಬೇಕಾದ್ದರ ಜೊತೆ ಒಂದು ಡಬ್ಬಿಗೆ ಹಾಕಿ ಓಡಿಸೋ ಪದ್ಧತಿ) ಬಳಕೆ ಜಾಸ್ತಿ, ಕಂಟೇನರ್ ಒಳಗೇ ಬರೆದ ಡೇಟಾ ಆ ಕಂಟೇನರ್ ತೆಗೆದಾಗ ಅದರ ಜೊತೆಗೇ ಹೋಗುತ್ತೆ, ಅದಕ್ಕೇ ವಾಲ್ಯೂಮ್ ಅಂತ ಬೇರೆ ಜಾಗ ಮಾಡಿ ಡೇಟಾನ ಅಲ್ಲಿಡ್ತಾರೆ, ಮತ್ತೆ ಅದೇ ತತ್ವ. ಆ್ಯಂಡ್ರಾಯ್ಡ್ ಫೋನಲ್ಲೂ ಅಷ್ಟೇ, ಆ್ಯಪ್‌ನ ಒಳಗಿನ ಸ್ಟೋರೇಜ್ ಆ್ಯಪ್ ತೆಗೆದ್ರೆ ಅಳಿಯುತ್ತೆ, ಫೋನಲ್ಲೇ ಉದ್ರಿ ಲೆಕ್ಕ ಬರೆಯೋರು ಅದು ಸರ್ವರ್‌ಗೆ ಹೋಗುತ್ತಾ ಫೋನಲ್ಲೇ ಇರುತ್ತಾ ಅಂತ ಮೊದಲೇ ಕೇಳ್ಕೋಬೇಕು.

ಈಗ ಸಿಸ್ಟಂ ಬದಲಾಯಿಸ್ತಿರೋರಿಗೆ

ವಿಂಡೋಸ್ 10ಕ್ಕೆ ಹೆಚ್ಚುವರಿ ಅಪ್‌ಡೇಟ್ ಸ್ಕೀಮಿಗೆ ಹೆಸರು ಹಾಕಿದ ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಮೊದಲು ಹೇಳಿದ ಗಡುವು 2026ರ ಅಕ್ಟೋಬರ್ 13. ಸಿಸ್ಟಂ ಬದಲಾಯಿಸೋ ಮುಂಚೆ ಹಳೇದರಲ್ಲಿ ಸಾಫ್ಟ್‌ವೇರ್ ಮಾಮೂಲಿಯಾಗಿ ತೆಗೆದು ಒಂದು ಬಿಲ್ ಹಾಕಿ, ಆಮೇಲೆ ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಫೈಲ್ ತೋರಿಸು ಅಂತ ಆನ್ ಮಾಡಿ, ಪ್ರೋಗ್ರಾಂ ಫೈಲ್ಸ್, ಪ್ರೋಗ್ರಾಂಡೇಟಾ, ಪ್ರತಿ ಯೂಸರ್‌ನ ವರ್ಚುಯಲ್‌ಸ್ಟೋರ್ ನೋಡಿದ್ರೆ ಆ ಬಿಲ್ಲಿನ ಟೈಮಿಗೆ ಯಾವ ಫೈಲಿನ ದಿನಾಂಕ ಬದಲಾಗಿದೆಯೋ ಅಲ್ಲೇ ನಿಮ್ಮ ಡೇಟಾ ಇರೋ ಸಾಧ್ಯತೆ ಜಾಸ್ತಿ. ಕಾಪಿ ಮಾಡೋಕಿಂತ ಸಾಫ್ಟ್‌ವೇರ್ ಒಳಗಿನ ಬ್ಯಾಕಪ್ ರಿಸ್ಟೋರ್ ಇದ್ರೆ ಅದೇ ಉತ್ತಮ, ಅದಕ್ಕೆ ತನ್ನ ಡೇಟಾ ಎಲ್ಲಿದೆ ಅಂತ ಗೊತ್ತಿರುತ್ತೆ. ಹಳೇ ಸಿಸ್ಟಂಗೇ ವಿಂಡೋಸ್ 11 ಅಪ್‌ಗ್ರೇಡ್ ಹಾಕಿ ಏನೋ ಕಾಣ್ತಿಲ್ಲ ಅನ್ನೋರು ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್ ಇದೆಯಾ ನೋಡಿ, ಹಳೇ ಫೈಲುಗಳು ಅದರಲ್ಲಿ ಸಿಗಬಹುದು, ಆದ್ರೆ ಮಾಮೂಲಿಯಾಗಿ 10 ದಿನಕ್ಕೆ ವಿಂಡೋಸ್ ಅದನ್ನ ತಾನೇ ಅಳಿಸಿಬಿಡುತ್ತೆ. ಹೊಸ ಸಿಸ್ಟಂನಲ್ಲಿ ಹಳೇ ಬಾಕಿ, ಹಳೇ ಬಿಲ್ ನಂಬರ್, ಸ್ಟಾಕ್ ಮೂರೂ ತಾಳೆ ಆಗೋ ತನಕ ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡೋಕೆ ಯಾರಿಗೂ ಕೊಡಬೇಡಿ.